ಮನೆಗೊಂದು ಆವಕ-ಜಾವಕ: ಜಿಮೇಲ್‌ನಲ್ಲಿ ಮನೆ ಮಂದಿಗೆಲ್ಲ ಒಂದೇ ವಿಳಾಸ, ಹತ್ತು ತಿಂಗಳು ಬಳಸಿದ ಮೇಲೆ

ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು 19 ವರ್ಷ ಟಪಾಲು ನೋಡಿಕೊಂಡಿದ್ದೇನೆ. ಬಂದ ಕಾಗದಕ್ಕೆ ಆವಕ ಸಂಖ್ಯೆ, ಹೋದ ಕಾಗದಕ್ಕೆ ಜಾವಕ ಸಂಖ್ಯೆ. ಯಾವ ಕಾಗದ ಯಾರ ಮೇಜಿಗೆ ಹೋಗಬೇಕು ಎಂದು ತಲೆಗೆ ಹೆಸರು ಬರೆದು ಕಳಿಸುವುದೇ ನನ್ನ ಕೆಲಸ. ಮೂರು ವರ್ಷದ ಹಿಂದಿನ ಕಾಗದ ಕೇಳಿದರೂ ಯಾವ ದಿನ ಯಾರು ರುಜು ಹಾಕಿ ತೆಗೆದುಕೊಂಡರು ಎಂದು ತೋರಿಸಬಲ್ಲೆ. ಅಂಥ ನನಗೆ ನಮ್ಮ ಮನೆಯಲ್ಲಿ ಮಾವನವರ ಆರೋಗ್ಯ ವಿಮೆಯ ಕಾಗದ ಯಾರಿಗೆ ಬರುತ್ತದೆ ಅನ್ನುವುದು ಗೊತ್ತಿರಲಿಲ್ಲ. ಕಳೆದ ವರ್ಷ ಶ್ರಾವಣದಲ್ಲಿ ಅದು ಗೊತ್ತಾಯಿತು. ಗೊತ್ತಾದ ರೀತಿ ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಮಾವನವರಿಗೆ ಮೋತಿಬಿಂದು ಆಪರೇಷನ್ ಮಾಡಿಸಬೇಕಿತ್ತು. ದವಾಖಾನೆಯ ಕೌಂಟರಿನಲ್ಲಿ ಕೂತಿದ್ದ ಹುಡುಗಿ ವಿಮೆ ಕಾರ್ಡಿನ ನಂಬರು ಹಾಕಿ ನೋಡಿ, "ಅಕ್ಕಾರ, ಇದರ ಮುದ್ದತ್ ಮುಗದದರಿ. ರಿನೀವಲ್ ಆಗಿಲ್ಲ" ಅಂದಳು. ಅಲ್ಲಿಂದಲೇ ಪುಣೆಯಲ್ಲಿರುವ ಮೈದುನನಿಗೆ ಫೋನ್ ಹಚ್ಚಿದೆ. ಪಾಲಿಸಿ ಮಾಡಿಸಿದ್ದು ಅವನೇ. ಒಂದು ಗಳಿಗೆ ಸುಮ್ಮನಿದ್ದು ಹೇಳಿದ: "ವೈನಿ, ಅದಕ್ಕ ಕೊಟ್ಟಿದ್ದು ಹಳೇ ಕಂಪನಿ ಮೇಲ್ ಐಡಿ. ಆ ಕಂಪನಿ ಬಿಟ್ಟು ಏಳು ತಿಂಗಳಾತು." ಫೋನ್ ನಂಬರಿನ ಜಾಗದಲ್ಲಿ ಆಗಿನ ಏಜೆಂಟ್ ತನ್ನದೇ ನಂಬರು ಬರೆದಿದ್ದ. ನೆನಪಿಸುವ ಮೇಲ್‌ಗಳು ಬಂದಿದ್ದರೂ ಮುಚ್ಚಿದ ಡಬ್ಬಿಗೆ ಬಿದ್ದಿದ್ದವು. ವರ್ಷಕ್ಕೊಮ್ಮೆ ಕಂತು ಕಟ್ಟುವ ಆರೋಗ್ಯ ವಿಮೆಗೆ ಮುದ್ದತ್ತು ಮುಗಿದ ಮೇಲೂ 30 ದಿನದ ಗ್ರೇಸ್ ಇರುತ್ತದೆ. ಅಷ್ಟರೊಳಗೆ ಕಟ್ಟಿದರೆ ಹಳೆಯ ಕಾಯಿಲೆಗಳಿಗೂ ವಿಮೆ ಸಿಗಲೆಂದು ಕಾದು ಮುಗಿಸಿದ ವರ್ಷಗಳು ಉಳಿಯುತ್ತವೆ, ದಾಟಿದರೆ ಮತ್ತೆ ಮೊದಲಿನಿಂದ. ನಾವು ಕೌಂಟರಿನ ಮುಂದೆ ನಿಂತಿದ್ದು 27ನೆಯ ದಿನ. ಅವತ್ತೇ ಕಟ್ಟಿದೆವು. ಆಪರೇಷನ್ ಮುಂದಕ್ಕೆ ಹೋಯಿತು.

ಮೈದುನನ ಮೇಲೆ ಸಿಟ್ಟಾಗಲು ಮನಸ್ಸು ಒಪ್ಪಲಿಲ್ಲ. ಮನೆಯವರ ಕಡೆ ನೋಡಿದರೆ ಕರೆಂಟ್ ಬಿಲ್ ಅವರ ಮೇಲ್‌ಗೆ ಬರುತ್ತಿತ್ತು, ಅವರು ಮೇಲ್ ತೆರೆಯುತ್ತಲೇ ಇರಲಿಲ್ಲ. ಮಗಳ ಕಾಲೇಜಿನ ಫೀ ರಸೀದಿ ಅವಳ ಹತ್ತಿರ ಬೆಂಗಳೂರಿನಲ್ಲಿ, ಮಗನ ಶಾಲೆಯ ಸುತ್ತೋಲೆ ನನ್ನ ಹತ್ತಿರ, ಅತ್ತೆಯವರ ರಕ್ತ ಪರೀಕ್ಷೆಯ ವರದಿ ಯಾರದೋ ವಾಟ್ಸ್ಆ್ಯಪ್‌ನಲ್ಲಿ. ಯಾವ ಕಚೇರಿಯೂ ಹೀಗೆ ನಡೆಯುವುದಿಲ್ಲ. ಸಾಹೇಬರು ವರ್ಗವಾಗಿ ಹೋದರೂ ಕಚೇರಿಯ ವಿಳಾಸ ಅದೇ ಇರುತ್ತದೆ, ಟಪಾಲು ಬಂದೇ ಬರುತ್ತದೆ. ಮನೆಗೂ ಅಂಥದ್ದೊಂದು ವಿಳಾಸ ಬೇಕು, ಬಂದದ್ದನ್ನು ವಿಂಗಡಿಸಿ ಕಳಿಸುವ ವ್ಯವಸ್ಥೆ ಬೇಕು ಎಂದು ಅವತ್ತು ದವಾಖಾನೆಯ ಬೆಂಚಿನ ಮೇಲೆ ಕೂತೇ ಗಟ್ಟಿ ಮಾಡಿಕೊಂಡೆ.

ಗಣಪತಿ ಹಬ್ಬಕ್ಕೆ ಮಗಳು ಬಂದಾಗ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಜಿಮೇಲ್ ಆರಿಸಿದ್ದಕ್ಕೆ ಕಾರಣ ಸಾದಾ: ಮನೆಯಲ್ಲಿ ಎಲ್ಲರ ಫೋನಿನಲ್ಲೂ ಅದು ಮೊದಲೇ ಇದೆ, ದುಡ್ಡು ಕೊಡಬೇಕಿಲ್ಲ, 15 ಜಿಬಿ ಜಾಗ ಸಿಗುತ್ತದೆ. ಆ 15 ಜಿಬಿ ಮೇಲ್‌ಗೆ ಮಾತ್ರ ಅಲ್ಲ, ಗೂಗಲ್ ಡ್ರೈವ್, ಫೋಟೋಸ್ ಸೇರಿಸಿ ಒಟ್ಟು. ಅದಕ್ಕೆ ಈ ಖಾತೆಯನ್ನು ಯಾರ ಫೋನಿನ ಫೋಟೋಗಳಿಗೂ ಜೋಡಿಸಿಲ್ಲ. ಕಾಗದ ಪತ್ರಕ್ಕೆ ಮಾತ್ರ ಆದರೆ ಅಷ್ಟು ಜಾಗ ವರ್ಷಗಟ್ಟಲೆ ಸಾಕು.

ಹೆಸರು ಆರಿಸುವುದಕ್ಕೇ ಒಂದು ತಾಸು ಹಿಡಿಯಿತು. ಅದು ಹಾಳಾದ ಹೊತ್ತಲ್ಲ. ಮನೆತನದ ಹೆಸರು ಬೇಡ ಅಂದೆ. ನಮ್ಮ ಹೆಸರನ್ನು ಒಬ್ಬೊಬ್ಬರು ಇಂಗ್ಲಿಷಿನಲ್ಲಿ ಒಂದೊಂದು ರೀತಿ ಬರೆಯುತ್ತಾರೆ. ಆಧಾರ್‌ನಲ್ಲಿ ಒಂದು, ಮಾವನವರ ಪಹಣಿ ನೋಡಿ ಬರೆದವರು ಇನ್ನೊಂದು, ಮಗಳ ಅಂಕಪಟ್ಟಿಯಲ್ಲಿ ಮತ್ತೊಂದು. ಕೌಂಟರಿನಲ್ಲಿ ನಿಂತು ಬಾಯಲ್ಲಿ ಹೇಳಿದರೆ ಎದುರಿನವರು ತಪ್ಪದೆ ಬರೆಯಬೇಕು, ಅದೇ ನನ್ನ ಪರೀಕ್ಷೆ. ವಿ ಅಂದರೆ ಡಬ್ಲ್ಯೂ ಬರೆಯುವವರಿದ್ದಾರೆ, ಆ ಅಕ್ಷರ ಬೇಡ. ಒಂದು ಈಯೋ ಎರಡು ಈಯೋ ಎಂದು ಕೇಳುವ ಹೆಸರೂ ಬೇಡ. ಚುಕ್ಕಿ ಇಟ್ಟರೆ ಓದಲು ಸಲೀಸು. ಜಿಮೇಲ್ ವಿಳಾಸದಲ್ಲಿ ಚುಕ್ಕಿ ಇದ್ದರೂ ಇಲ್ಲದಿದ್ದರೂ ಒಂದೇ ಎನ್ನುವುದು ನಮಗೆ ಬಹಳ ಅನುಕೂಲ, ಏಕೆಂದರೆ ಬರೆದುಕೊಳ್ಳುವವರು ಮೊದಲು ಬಿಡುವುದೇ ಚುಕ್ಕಿಯನ್ನು. ಕೊನೆಗೆ 'ಮನೆ' ಎಂಬ ಮಾತು, ಅದರ ಮುಂದೆ ನಮ್ಮ ಓಣಿಯ ಹೆಸರಿನ ತುಂಡು, ಅಲ್ಲಿಗೆ ನಿಂತೆವು. ಮಾವನವರು ಅದನ್ನು ಎರಡು ಸಲ ಜೋರಾಗಿ ಓದಿ ಸೈ ಅಂದರು.

ಹುಟ್ಟಿದ ದಿನ ಕೇಳಿದಾಗ ಮಗ, "ಮನೀದು ಅಂದ್ಮ್ಯಾಲ ಗೃಹಪ್ರವೇಶದ ದಿನಾನೇ ಹಾಕ್ರಿ" ಅಂದ. ಕೇಳಲು ಚೆನ್ನಾಗಿದೆ, ಮಾಡಿದರೆ ಕೆಟ್ಟಿತು. ನಮ್ಮ ಗೃಹಪ್ರವೇಶ 2014ರಲ್ಲಿ ಆದದ್ದು, ಗೂಗಲ್ ಅದನ್ನು ಸಣ್ಣ ಮಗುವಿನ ಖಾತೆ ಎಂದು ತಿಳಿಯುತ್ತದೆ. ನನ್ನ ಜನ್ಮದಿನವನ್ನೇ ಹಾಕಿದೆ. ಖಾತೆಗೆ ಜವಾಬ್ದಾರಿ ಹೊರುವ ಒಬ್ಬ ಮನುಷ್ಯರು ಬೇಕೇ ಬೇಕು, ನಮ್ಮ ಮನೆಯಲ್ಲಿ ಅದು ನಾನು. ಪಾಸ್‌ವರ್ಡ್ ಸಾಲದೆ ಫೋನಿನಿಂದಲೂ ಖಾತ್ರಿ ಕೇಳುವ ಎರಡು ಹಂತದ ಪರಿಶೀಲನೆ ಹಚ್ಚಿದೆವು. ಅದರ ಜೊತೆ 8 ಅಂಕಿಯ 10 ಬ್ಯಾಕಪ್ ಕೋಡ್ ಸಿಗುತ್ತವೆ. ಫೋನ್ ಕಳೆದರೆ, ಅಥವಾ ನನಗೇ ಏನಾದರೂ ಆದರೆ, ಒಂದೊಂದು ಕೋಡ್ ಒಂದೊಂದು ಸಲ ಕೆಲಸಕ್ಕೆ ಬರುತ್ತದೆ. ಪ್ರಿಂಟ್ ತೆಗೆದು, ಪಾಸ್‌ವರ್ಡ್ ಬರೆದ ಚೀಟಿಯ ಸಮೇತ ಲಕೋಟೆಯಲ್ಲಿ ಹಾಕಿ, ಅತ್ತೆಯವರ ಟ್ರಂಕಿನಲ್ಲಿ ಹೊಲದ ಕಾಗದಗಳ ಕೆಳಗೆ ಇಟ್ಟಿದ್ದೇನೆ. ಎಲ್ಲಿದೆ ಎಂದು ಮನೆಯಲ್ಲಿ ಇನ್ನಿಬ್ಬರಿಗೆ ಗೊತ್ತು.

ಈಗ ಮುಖ್ಯ ಮಾತು, ಫಾರ್ವರ್ಡಿಂಗ್. ಅಂದರೆ ಈ ಡಬ್ಬಿಗೆ ಬಂದ ಮೇಲ್ ತಾನಾಗಿಯೇ ಇನ್ನೊಬ್ಬರ ವಿಳಾಸಕ್ಕೂ ಹೋಗುವುದು. ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಹುಡುಕಬೇಡಿ, ಅದು ಅಲ್ಲಿ ಇಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಹಲ್ಲಿನ ಚಕ್ರದಂಥ ಗುರುತು ಒತ್ತಿ, ಎಲ್ಲ ಸೆಟ್ಟಿಂಗ್‌ಗಳು ಎಂಬಲ್ಲಿಗೆ ಹೋದರೆ ಫಾರ್ವರ್ಡಿಂಗ್ ಎಂಬ ಪುಟ ಸಿಗುತ್ತದೆ. ಮೊದಲು ಯಾರಿಗೆ ಕಳಿಸಬೇಕೋ ಅವರ ವಿಳಾಸಗಳನ್ನು ಒಂದೊಂದಾಗಿ ಸೇರಿಸಬೇಕು. ಸೇರಿಸಿದೊಡನೆ ಅವರಿಗೆ ಒಂದು ಮೇಲ್ ಹೋಗುತ್ತದೆ: ಇಂಥ ವಿಳಾಸದವರು ತಮ್ಮ ಮೇಲ್‌ಗಳನ್ನು ನಿಮಗೆ ಕಳಿಸಲು ಕೇಳಿದ್ದಾರೆ, ಒಪ್ಪಿಗೆಯೇ ಎಂದು. ಅವರು ಅದರಲ್ಲಿನ ಕೊಂಡಿ ಒತ್ತಬೇಕು, ಇಲ್ಲವೇ ಅದರಲ್ಲಿನ ಕೋಡ್ ನಮಗೆ ಹೇಳಬೇಕು. ಅಲ್ಲಿಯವರೆಗೆ ಒಂದು ಮೇಲ್ ಕೂಡ ಆ ಕಡೆ ಹೋಗುವುದಿಲ್ಲ.

ಇಲ್ಲೇ ಮನೆಯವರೊಡನೆ ವಾದವಾಯಿತು. ಅವರು ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ, ಅವತ್ತು ಡ್ಯೂಟಿಯಲ್ಲಿದ್ದರು. ಫೋನ್ ಮಾಡಿ "ಒಂದು ಕೋಡ್ ಬಂದದ ನೋಡ್ರಿ, ಹೇಳ್ರಿ" ಅಂದೆ. "ಕೋಡ್ ಯಾರಿಗೂ ಹೇಳಬ್ಯಾಡ್ರಿ ಅಂತ ನೀನೇ ಹೇಳಿದ್ದಿ. ಈಗ ನೀನೇ ಕೇಳ್ಲತ್ತೀ?" ಎಂದು ಕೇಳಿದರು. ಅವರ ಮಾತು ಖರೆ. ಮೋಸದವರು ಕೇಳುವುದೂ ಇದನ್ನೇ. ಹೆಂಡತಿಯ ದನಿ ಅಂತ ಕೋಡ್ ಕೊಡುವ ರೂಢಿ ಬೀಳುವುದೇ ಬೇಡ ಎಂದು, ಡ್ಯೂಟಿ ಮುಗಿಸಿ ಬಂದ ಮೇಲೆ ಮೇಲ್ ತೆರೆಸಿ, ಪೂರ್ತಿ ಓದಿಸಿ, ನಮ್ಮ ವಿಳಾಸವೇ ಹೌದೆಂದು ನೋಡಿಸಿ, ಕೊಂಡಿಯನ್ನು ಅವರ ಕೈಯಿಂದಲೇ ಒತ್ತಿಸಿದೆ. ಪುಣೆಯ ಮೈದುನನೂ ಹಾಗೇ ಮಾಡಿದ. ನಿಮ್ಮ ಮನೆಯಲ್ಲೂ ಕೋಡ್ ಕೇಳಬೇಡಿ, ಕೊಂಡಿ ಒತ್ತಿಸಿ.

ಬಂದದ್ದನ್ನೆಲ್ಲ ಕಳಿಸು ಎಂದು ಹೇಳಿದರೆ ಜಿಮೇಲ್ ಒಂದೇ ಒಂದು ವಿಳಾಸಕ್ಕೆ ಕಳಿಸುತ್ತದೆ. ನಮಗೆ ಬೇಕಾದದ್ದು ಅದಲ್ಲ. ಕರೆಂಟ್ ಬಿಲ್ ಮನೆಯವರಿಗೆ, ವಿಮೆ ಮೈದುನನಿಗೂ ಮನೆಯವರಿಗೂ, ಶಾಲೆಯದು ನನಗೆ. ಅದಕ್ಕೆ ಫಿಲ್ಟರ್ ಇದೆ. ಹುಡುಕುವ ಪಟ್ಟಿಯ ಬಲತುದಿಯ ಗುರುತು ಒತ್ತಿದರೆ ಒಂದು ನಮೂನೆ ತೆರೆಯುತ್ತದೆ: ಯಾರಿಂದ, ಯಾರಿಗೆ, ವಿಷಯ ಏನು, ಯಾವ ಪದ ಇರಬೇಕು, ಯಾವುದು ಇರಬಾರದು. ನನಗಂತೂ ಅದು ನಮ್ಮ ಆವಕ ಪುಸ್ತಕದ ಕಾಲಂಗಳ ಹಾಗೆಯೇ ಕಂಡಿತು. ತುಂಬಿದ ಮೇಲೆ ಏನು ಮಾಡಬೇಕೆಂದು ಕೇಳುತ್ತದೆ. ಲೇಬಲ್ ಹಚ್ಚು, ಇಂಥವರಿಗೆ ಕಳಿಸು, ಸ್ಪ್ಯಾಮ್‌ಗೆ (ಬೇಡದ ಮೇಲ್‌ಗಳೆಂದು ಜಿಮೇಲ್ ಬದಿಗೆ ಹಾಕುವ ಡಬ್ಬಿಗೆ) ಹಾಕಬೇಡ. ಲೇಬಲ್‌ಗಳನ್ನು ಕನ್ನಡದಲ್ಲೇ ಬರೆದೆ: ಕರೆಂಟ್, ವಿಮೆ, ಶಾಲೆ, ದವಾಖಾನೆ, ಪ್ರಯಾಣ, ಹೊಲ. ಒಂದು ಫಿಲ್ಟರ್ ಒಬ್ಬರಿಗೆ ಮಾತ್ರ ಕಳಿಸುತ್ತದೆ. ವಿಮೆಯದು ಇಬ್ಬರಿಗೆ ಹೋಗಬೇಕಾದ್ದರಿಂದ ಅದೇ ಫಿಲ್ಟರನ್ನು ಎರಡು ಸಲ ಮಾಡಿದ್ದೇನೆ. ಫಿಲ್ಟರ್ ಮಾಡುವ ಮೊದಲು ಬಂದ ಮೇಲ್‌ಗಳಿಗೆ ಲೇಬಲ್ ಹಚ್ಚಬಹುದು, ಆದರೆ ಅವು ಫಾರ್ವರ್ಡ್ ಆಗುವುದಿಲ್ಲ. ಹೊಸದಾಗಿ ಬಂದದ್ದು ಮಾತ್ರ ಹೋಗುತ್ತದೆ.

ನಮ್ಮ ಕಡೆಯವರಿಗೆ ಮಾತ್ರ ಬರುವ ಒಂದು ತೊಡಕಿದೆ, ಬಿಡಿಸಿ ಹೇಳುತ್ತೇನೆ. ನಮ್ಮೂರು ಕಾಗದದ ಮೇಲೆ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ನಮಗೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂ ಹೆಸರಿನ ಮೊದಲ ಅಕ್ಷರ ಈಗಲೂ ಗುಲಬರ್ಗಾದ್ದೇ, ನಾನು ಓದಿದ ವಿಶ್ವವಿದ್ಯಾಲಯ ಈಗಲೂ ಗುಲಬರ್ಗಾ ವಿಶ್ವವಿದ್ಯಾಲಯವೇ. ಮೊದಲು ಊರಿನ ಹೊಸ ಹೆಸರೊಂದನ್ನೇ ಫಿಲ್ಟರ್‌ನಲ್ಲಿ ಬರೆದಿದ್ದೆ, ಅರ್ಧಕ್ಕರ್ಧ ಮೇಲ್‌ಗಳು ಅದರ ಕೈಗೆ ಸಿಗದೆ ಹೋದವು. ಈಗ ಎರಡೂ ಹೆಸರು ಬರೆದು ನಡುವೆ ಇಂಗ್ಲಿಷಿನ ಓ, ಆರ್ ಎಂಬೆರಡು ಅಕ್ಷರಗಳನ್ನು ದೊಡ್ಡಕ್ಷರದಲ್ಲಿ ಹಾಕಿದ್ದೇನೆ. ಹಾಗೆ ಹಾಕಿದರೆ ಇದಾದರೂ ಸರಿ ಅದಾದರೂ ಸರಿ ಎಂದು ಜಿಮೇಲ್ ತಿಳಿದುಕೊಳ್ಳುತ್ತದೆ. ಯಾದಗಿರಿಯವರೂ ಹೀಗೇ ಮಾಡಬೇಕು, ಇಂಗ್ಲಿಷಿನಲ್ಲಿ ಕೊನೆಯ ಅಕ್ಷರ ಬರೆಯುವವರು ಕೆಲವರು, ಬಿಡುವವರು ಕೆಲವರು. ಸಾಧ್ಯವಿದ್ದಲ್ಲೆಲ್ಲ ಊರಿನ ಹೆಸರಿಗಿಂತ ಕಳಿಸಿದವರ ಮೇಲ್ ವಿಳಾಸ ಹಾಕುವುದೇ ಗಟ್ಟಿ.

ಇದಕ್ಕಿಂತ ಚಂದದ ಉಪಾಯವನ್ನು ಮಗಳು ತೋರಿಸಿದಳು. ವಿಳಾಸದ ಹೆಸರಿನ ಕೊನೆಗೆ, ಅಟ್ ಚಿಹ್ನೆಗೆ ಮೊದಲು, ಒಂದು ಪ್ಲಸ್ ಹಾಕಿ ಏನಾದರೂ ಪದ ಬರೆದು ಕೊಟ್ಟರೂ ಮೇಲ್ ನಮ್ಮ ಡಬ್ಬಿಗೇ ಬರುತ್ತದೆ. ಶಾಲೆಗೆ ಕೊಡುವಾಗ ಪ್ಲಸ್ ಶಾಲೆ, ದವಾಖಾನೆಗೆ ಕೊಡುವಾಗ ಪ್ಲಸ್ ದವಾಖಾನೆ, ಅದನ್ನು ಇಂಗ್ಲಿಷ್ ಅಕ್ಷರದಲ್ಲಿ. ಫಿಲ್ಟರ್‌ನಲ್ಲಿ 'ಯಾರಿಗೆ' ಎಂಬ ಜಾಗದಲ್ಲಿ ಆ ಉದ್ದ ವಿಳಾಸ ಬರೆದರಾಯಿತು, ಕಳಿಸಿದವರು ಯಾರೇ ಇರಲಿ ಸರಿಯಾದ ಲೇಬಲ್ಲಿಗೆ ಹೋಗಿ ಕೂಡುತ್ತದೆ. ಕೆಲವು ವೆಬ್‌ಸೈಟುಗಳು ಪ್ಲಸ್ ಚಿಹ್ನೆಯನ್ನು ಒಪ್ಪುವುದಿಲ್ಲ, ಅಲ್ಲಿ ಸಾದಾ ವಿಳಾಸ ಕೊಡುತ್ತೇನೆ. ಬಾಯಲ್ಲಿ ಹೇಳುವ ಕಡೆಯೂ ಸಾದಾದ್ದೇ ಒಳ್ಳೆಯದು.

ಎಲ್ಲರಿಗೂ ಪಾಸ್‌ವರ್ಡ್ ಕೊಟ್ಟುಬಿಟ್ಟರೆ ಈ ಫಾರ್ವರ್ಡ್ ರಗಳೆ ಯಾಕೆ ಎಂದು ಮೈದುನ ಕೇಳಿದ್ದ. ನಾನು ಒಪ್ಪಲಿಲ್ಲ. ಒಂದೇ ಪಾಸ್‌ವರ್ಡ್ ಐದು ಫೋನಿನಲ್ಲಿದ್ದರೆ ಒಂದು ಮೇಲ್ ಅಳಿಸಿದವರು ಯಾರು ಎಂದು ಹೇಗೆ ಗೊತ್ತಾಗಬೇಕು? ಓದಿದವರು ಒಬ್ಬರಾದರೆ ಉಳಿದವರಿಗೆ ಅದು ಹೊಸದಾಗಿ ಕಾಣುವುದಿಲ್ಲ, ಬಿಲ್ ಕಟ್ಟುವುದು ಅಲ್ಲಿಗೇ ನಿಲ್ಲುತ್ತದೆ. ಮಗಳನ್ನು ಮಾತ್ರ ಬೇರೆ ದಾರಿಯಿಂದ ಒಳಗೆ ಬಿಟ್ಟಿದ್ದೇನೆ. ಸೆಟ್ಟಿಂಗ್‌ನ ಖಾತೆಗಳ ಪುಟದಲ್ಲಿ ಬೇರೊಬ್ಬರಿಗೆ ಪ್ರವೇಶ ಕೊಡುವ ಸೌಲಭ್ಯವಿದೆ, ಸಾದಾ ಖಾತೆಯಲ್ಲಿ 10 ಜನರವರೆಗೆ. ಅವರು ತಮ್ಮ ಖಾತೆಯಿಂದಲೇ ನಮ್ಮ ಡಬ್ಬಿ ತೆರೆದು ಓದಬಹುದು, ಜವಾಬು ಬರೆಯಬಹುದು, ಅಳಿಸಲೂಬಹುದು, ಆದರೆ ಪಾಸ್‌ವರ್ಡ್ ಬದಲಿಸಲು ಬರುವುದಿಲ್ಲ. ಕಚೇರಿಯಲ್ಲಿ ನಾನು ರಜೆ ಹಾಕಿದಾಗ ಪ್ರಭಾರ ಕೊಟ್ಟು ಹೋಗುವ ಹಾಗೆ ಇದು. ನಾನು ಹಾಸಿಗೆ ಹಿಡಿದರೂ ಮಗಳು ನಡೆಸಬಲ್ಲಳು.

ಹತ್ತು ತಿಂಗಳಲ್ಲಿ ಎಡವಿದ್ದು ಎರಡು ಕಡೆ. ಮೊದಲನೆಯದು ಜವಾಬಿನದು. ವಿಮೆಯವರು ಏನೋ ದಾಖಲೆ ಕೇಳಿ ಬರೆದದ್ದು ಫಾರ್ವರ್ಡ್ ಆಗಿ ಪುಣೆಗೆ ಹೋಯಿತು, ಮೈದುನ ಅಲ್ಲಿಂದಲೇ ಜವಾಬು ಬರೆದ. ಫಾರ್ವರ್ಡ್ ಆದ ಮೇಲ್‌ಗೆ ಉತ್ತರ ಕೊಟ್ಟರೆ ಅದು ನಿಮ್ಮ ಸ್ವಂತ ವಿಳಾಸದಿಂದ ಮೂಲ ಕಳಿಸಿದವರಿಗೆ ನೇರ ಹೋಗುತ್ತದೆ. ಅದರ ಮುಂದಿನ ಪತ್ರವ್ಯವಹಾರ ಪೂರ್ತಿ ಅವನ ವಿಳಾಸಕ್ಕೆ ಬರಲು ಶುರುವಾಯಿತು, ಮನೆ ಡಬ್ಬಿಯಲ್ಲಿ ಮೊದಲ ಕಾಗದ ಮಾತ್ರ ಉಳಿಯಿತು. ಆವಕ ಇದೆ, ಜಾವಕ ಇಲ್ಲ! ಅವತ್ತಿನಿಂದ ಹೊರಗೆ ಹೋಗುವುದೆಲ್ಲ ಮನೆ ವಿಳಾಸದಿಂದಲೇ, ನಾನು ಇಲ್ಲವೇ ಮಗಳು ಬರೆಯುವುದು. ಅವಸರಕ್ಕೆ ಬೇರೆಯವರು ಬರೆದರೆ ಮನೆ ವಿಳಾಸಕ್ಕೆ ಒಂದು ಪ್ರತಿ ಹಾಕಲೇಬೇಕು.

ಎರಡನೆಯದು ನನ್ನದೇ ತಪ್ಪು. ದವಾಖಾನೆಯ ಫಿಲ್ಟರ್ ಮಾಡುವಾಗ ಸ್ಪ್ಯಾಮ್‌ಗೆ ಹಾಕಬೇಡ ಎಂಬಲ್ಲಿ ಗುರುತು ಹಾಕಲು ಮರೆತಿದ್ದೆ. ಅತ್ತೆಯವರ ಥೈರಾಯ್ಡ್ ವರದಿ ಸ್ಪ್ಯಾಮ್‌ಗೆ ಹೋಗಿ ಕೂತಿತ್ತು. ಸ್ಪ್ಯಾಮ್‌ಗೆ ಬಿದ್ದದ್ದು ಯಾರಿಗೂ ಫಾರ್ವರ್ಡ್ ಆಗುವುದಿಲ್ಲ, 30 ದಿನ ಕಳೆದರೆ ತಾನೇ ಅಳಿದುಹೋಗುತ್ತದೆ. ಹನ್ನೆರಡನೆಯ ದಿನ ಕಣ್ಣಿಗೆ ಬಿತ್ತು. ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸುವುದು ಅಷ್ಟು ದಿನ ತಡವಾಯಿತು, ಅತ್ತೆಯವರು ಅಷ್ಟೂ ದಿನ ಸುಸ್ತು ಸುಸ್ತು ಎನ್ನುತ್ತಲೇ ಇದ್ದರು. ಈಗ ಪ್ರತಿ ಸೋಮವಾರ ರಾತ್ರಿ, ಊಟದ ಪಾತ್ರೆ ತೊಳೆದಿಟ್ಟ ಮೇಲೆ, ಸ್ಪ್ಯಾಮ್ ತೆರೆದು ಕೊನೆಯವರೆಗೆ ನೋಡಿಯೇ ಮಲಗುತ್ತೇನೆ.

ತಿಂಗಳಿಗೊಮ್ಮೆ ಫಾರ್ವರ್ಡಿಂಗ್ ಪುಟವನ್ನೂ ಫಿಲ್ಟರ್ ಪುಟವನ್ನೂ ನೋಡುವುದಿದೆ. ಖಾತೆಗೆ ಕನ್ನ ಹಾಕಿದವರು ಸದ್ದಿಲ್ಲದೆ ತಮ್ಮ ವಿಳಾಸವನ್ನು ಅಲ್ಲಿ ಸೇರಿಸಿಟ್ಟರೆ, ನಾವು ಪಾಸ್‌ವರ್ಡ್ ಬದಲಿಸಿದರೂ ನಮ್ಮ ಮೇಲ್ ಅವರಿಗೆ ಹೋಗುತ್ತಲೇ ಇರುತ್ತದೆ. ಹೊಸದಾಗಿ ಫಾರ್ವರ್ಡ್ ಹಚ್ಚಿದಾಗ ಮೊದಲ ವಾರ ಜಿಮೇಲ್ ಮೇಲುಗಡೆ ಎಚ್ಚರಿಕೆ ತೋರಿಸುವುದೂ ಇದೇ ಕಾರಣಕ್ಕೆ. ಆ ಸಾಲನ್ನು ಕಾಟವೆಂದು ತಿಳಿಯಬೇಡಿ, ಓದಿ.

ಬ್ಯಾಂಕ್ ಖಾತೆಗಳಿಗೆ ಮಾತ್ರ ಈ ವಿಳಾಸ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಮನೆಯವರೇ ಆದರೂ ಒಬ್ಬರ ಒಟಿಪಿ ಇನ್ನೊಬ್ಬರ ಫೋನಿಗೆ ಹೋಗಬಾರದು. ದುಡಿದವರ ದುಡ್ಡಿನ ಕೀಲಿ ಅವರ ಕೈಯಲ್ಲೇ ಇರಬೇಕು, ನನ್ನದು ನನ್ನ ಕೈಯಲ್ಲಿ. ಆಧಾರ್ ಪಿಡಿಎಫ್‌ಗಳನ್ನೂ ಇದರಲ್ಲಿ ಇಟ್ಟಿಲ್ಲ. ಅದಕ್ಕೆ ಪಾಸ್‌ವರ್ಡ್ ಇದೆಯಲ್ಲ ಎನ್ನುತ್ತಾರೆ. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ, ಅಷ್ಟೇ. ನಮ್ಮನ್ನು ಬಲ್ಲವರು ಯಾರೂ ತೆರೆಯಬಹುದು.

ಪ್ರಯಾಣದ ಲೇಬಲ್ ಇಷ್ಟು ಉಪಯೋಗಕ್ಕೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಮೈದುನ ಪುಣೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿದೊಡನೆ ಅದು ಮನೆಯವರ ಫೋನಿಗೆ ಹೋಗುತ್ತದೆ. ಯಾವ ಬೋಗಿ, ಎಷ್ಟು ಗಂಟೆ ಎಂದು ನಾಲ್ಕು ಸಲ ಫೋನ್ ಮಾಡಿ ಕೇಳುವುದು ನಿಂತಿದೆ. ಅತ್ತೆಯವರು ಅವತ್ತೇ ಜೋಳದ ಹಿಟ್ಟು ಬೀಸಿಸಿಡುತ್ತಾರೆ.

ಹತ್ತಕ್ಕೆ ಎಂಟು ಅಂಕ ಕೊಡುತ್ತೇನೆ. ಕಂಪ್ಯೂಟರ್ ಇಲ್ಲದ ಮನೆಯವರು ಇದನ್ನು ಹಚ್ಚಲು ಇನ್ನೊಬ್ಬರ ಮನೆಗೋ ನೆಟ್ ಸೆಂಟರಿಗೋ ಹೋಗಬೇಕು, ಅದಕ್ಕೆ ಒಂದು ಅಂಕ ಕಡಿಮೆ. ನೆಟ್ ಸೆಂಟರಿನಲ್ಲಿ ಮಾಡಿದರೆ ಏಳುವ ಮೊದಲು ಲಾಗ್‌ಔಟ್ ಆಗಿದೆಯೇ ಎಂದು ಎರಡು ಸಲ ನೋಡಿ. ಒಂದು ಫಿಲ್ಟರ್‌ನಿಂದ ಇಬ್ಬರಿಗೆ ಕಳಿಸಲಾಗದ್ದಕ್ಕೆ ಇನ್ನೊಂದು ಅಂಕ ಕಡಿಮೆ.

ಈ ತಿಂಗಳ 4ನೆಯ ತಾರೀಖು ಮಾವನವರ ವಿಮೆಯ ನವೀಕರಣದ ಮೇಲ್ ಬಂತು. ಕಚೇರಿಯಲ್ಲಿ ನಾನಿನ್ನೂ ತೆರೆದಿರಲಿಲ್ಲ, ಪುಣೆಯಿಂದ ಫೋನ್ ಬಂತು: "ವೈನಿ, ಬಂದದ. ನಾ ಕಟ್ಟಲ್ಯಾ?" ಐದು ನಿಮಿಷಕ್ಕೆ ಸೇಡಂನಿಂದ ಮನೆಯವರ ಫೋನ್. ಸಂಜೆ ಹೊತ್ತಿಗೆ ಕಟ್ಟಿದ ರಸೀದಿಯೂ ವಿಮೆ ಲೇಬಲ್ಲಿನಲ್ಲಿ ಬಂದು ಕೂತಿತ್ತು. ಮರುದಿನ ಮಾವನವರನ್ನು ಇನ್ನೊಂದು ಕಣ್ಣಿನ ತಪಾಸಣೆಗೆ ಕರೆದುಕೊಂಡು ಹೋದೆ. ಅದೇ ಕೌಂಟರ್. ಇಮೇಲ್ ಇದೆಯೇ ಎಂದು ಹುಡುಗಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಮಾವನವರು ಅಂಗಿಯ ಕಿಸೆಯಿಂದ ಚೀಟಿ ತೆಗೆದು ಕೌಂಟರಿನ ಮೇಲೆ ಇಟ್ಟರು. ನಮ್ಮ ಮನೆ ವಿಳಾಸದ ಒಂದೊಂದು ಅಕ್ಷರವನ್ನೂ ಕನ್ನಡದಲ್ಲಿ ಬಿಡಿಬಿಡಿಯಾಗಿ ಬರೆದುಕೊಂಡಿದ್ದರು, ಚುಕ್ಕಿ ಇರುವಲ್ಲಿ 'ಚುಕ್ಕಿ' ಎಂದೇ. "ನೀ ಬರಕೋ ಯವ್ವಾ, ನಾ ಓದ್ತೀನಿ" ಅಂದು, ಆಪರೇಷನ್ ಆದ ಕಣ್ಣಿಗೆ ಚೀಟಿ ಹತ್ತಿರ ಹಿಡಿದು, ಮೊದಲ ಅಕ್ಷರದಿಂದ ಶುರು ಮಾಡಿದರು.